ಕೆರೆ ತುಂಬಾ ಬಳ್ಳಿ ಪಾಚಿ, ಬೆಳಗಿನ ಜಾವ ಮೀನು ಮೇಲೆ ಬಂದು ಬಾಯಿ ಬಿಡ್ತಾವೆ, ಏನ್ ಮಾಡ್ಲಿ?

ಚನ್ನಗಿರಿ_ತೋಟ:

ಎಲ್ಲರಿಗೂ ನಮಸ್ಕಾರ. ನಮ್ದು ಚನ್ನಗಿರಿ ಕಡೆ, ಭದ್ರಾ ನಾಲೆ ಕೆಳಗಿನ ಜಮೀನು. ಮೂರೆಕರೆ ಅಡಿಕೆ, ಅದರ ಕೆಳಗೆ ತಗ್ಗಲ್ಲಿ 12 ಗುಂಟೆ ಮಣ್ಣಿನ ಕೆರೆ ಐತೆ, ನಮ್ಮಪ್ಪ ಇದ್ದಾಗ ತೋಡಿಸಿದ್ದು. ಪ್ಲಾಸ್ಟಿಕ್ ಹಾಳೆ ಹಾಸಿದ ಕೃಷಿ ಹೊಂಡ ಅಲ್ಲ, ತಳ ಪೂರ್ತಿ ಮಣ್ಣೇ. ನಡುವೆ ಆರೇಳು ಅಡಿ ನೀರು, ಅಂಚಲ್ಲಿ ಮೂರಡಿ. ಮೇಲಿನ ಭತ್ತದ ಗದ್ದೆಗಳ ಬಸಿನೀರು ಬಂದು ಬೀಳ್ತದೆ, ಹಂಗಾಗಿ ಬೇಸಿಗೇಲೂ ಬತ್ತಿಲ್ಲ. ಹೋದ ವರ್ಷ ಆಗಸ್ಟಲ್ಲಿ 600 ಮರಿ ತಂದು ಬಿಟ್ಟಿದ್ದೆ, ಕಾಟ್ಲಾ ರೋಹು ಮೃಗಾಲ್ ಮೂರೂ ಸೇರಿಸಿ. ದಿನಾ ಅಕ್ಕಿ ತೌಡು, ಕಡಲೆಕಾಯಿ ಹಿಂಡಿ ಹಾಕ್ತಿದೀನಿ. ಈಗ ಒಂದೊಂದು ಮುಕ್ಕಾಲು ಕೇಜಿ ಹತ್ರ ಬಂದಾವೆ.

ತೊಂದ್ರೆ ಏನಪ್ಪಾ ಅಂದ್ರೆ ಪಾಚಿ. ಮೇಲೆ ತೇಲೋ ಪಾಚಿ ಅಲ್ಲ, ತಳದಿಂದ ಬಳ್ಳಿ ತರ ಎದ್ದು ಮೇಲ್ಗಡೆ ಬಂದು ಹಾಸಿಗೆ ಹಾಸಿದಂಗೆ ಹರಡಿಕೊಂಡೈತೆ. ಒಂದು ಎಳೆ ಕಿತ್ತು ನೋಡಿದ್ರೆ ಗಣ್ಣು ಗಣ್ಣಿಗೂ ಸುತ್ತ ನಾಲ್ಕೈದು ಸಣ್ಣ ಎಲೆ, ಬೆರಳಲ್ಲಿ ಸವರಿದ್ರೆ ಗರಗಸದ ತರ ತರಿ ತರಿ ಹತ್ತುತ್ತೆ, ಬುಡ ಸಮೇತ ಕಿತ್ರೆ ಬೇರಲ್ಲಿ ಬಟಾಣಿ ಕಾಳಿನಷ್ಟು ಗಾತ್ರದ ಬೆಳ್ಳನೆ ಗೆಡ್ಡೆ. ಜೂನಲ್ಲಿ ಒಂದು ಮೂಲೇಲಿ ಇತ್ತು, ಈಗ ಕೆರೆ ಮುಕ್ಕಾಲು ಭಾಗ ಅದೇ. ಬೀಸುಬಲೆ ಬೀಸೋಕೆ ಜಾಗ ಇಲ್ಲ.

ನಾಲ್ಕು ದಿನದಿಂದ ಮೋಡ ಮುಚ್ಚಿಕೊಂಡೈತೆ. ಮೊನ್ನೆ ಬೆಳಗ್ಗೆ 5:30ಕ್ಕೆ ಬ್ಯಾಟರಿ ಹಿಡ್ಕೊಂಡು ಹೋದೆ, ನೀರು ಬಂದು ಬೀಳೋ ಮೂಲೇಲಿ ಕಾಟ್ಲಾ ಎಲ್ಲಾ ಒಟ್ಟಾಗಿ ಬಾಯಿ ನೀರಿಂದ ಮೇಲಕ್ಕೆ ಎತ್ತಿ ಪಚ್ ಪಚ್ ಅಂತ ಬಿಡ್ತಾ ಇದ್ವು, ಬೆಳಕು ಬಿಟ್ರೂ ಓಡಿ ಹೋಗ್ಲಿಲ್ಲ, ಕೈಲಿ ಮುಟ್ಟೋ ಅಷ್ಟು ಹತ್ರ ನಿಂತಿದ್ವು. 9 ಗಂಟೆಗೆ ಹೋದ್ರೆ ಒಂದೂ ಇಲ್ಲ, ಎಲ್ಲಾ ಕೆಳಗೆ ಹೋಗಿದ್ವು. ಇವತ್ತು ಎರಡು ಕಾಟ್ಲಾ ಸತ್ತು ತೇಲಿದಾವೆ, ಮೈ ಮೇಲೆ ಗಾಯ ಇಲ್ಲ, ಹುಣ್ಣಿಲ್ಲ, ಬಾಯಿ ಮಾತ್ರ ಅಗಲಕ್ಕೆ ತೆರೆದಂಗೇ ಇದ್ವು. ಬೆಳೆಸಿದ ಮೀನು ಕಣ್ಮುಂದೆ ಹಿಂಗೆ ಹೋದ್ರೆ ಹೊಟ್ಟೆ ಉರಿಯುತ್ತೆ.

ಅಡಿಕೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆದು ಮಿಕ್ಕಿರೋ ಮೈಲುತುತ್ತ (ಕಾಪರ್ ಸಲ್ಫೇಟ್) ಮನೇಲಿ ನಾಲ್ಕೈದು ಕೇಜಿ ಐತೆ, ಅದನ್ನ ಹಾಕಿದ್ರೆ ಪಾಚಿ ಸಾಯುತ್ತೆ ಅಂತ ಊರಲ್ಲಿ ಒಬ್ರು ಹೇಳಿದ್ರು. ಔಷಧಿ ಅಂಗಡಿಯವ್ರು ಕಳೆನಾಶಕ ಕೊಡ್ತೀನಿ ಅಂತಾರೆ. ಕಳೆ ತಿನ್ನೋ ಹುಲ್ಲುಗೆಂಡೆ ಮೀನು (ಗ್ರಾಸ್ ಕಾರ್ಪ್) ಬಿಡು ಅಂತ ಇನ್ನೊಬ್ರು. ಯಾವುದು ಮಾಡ್ಲಿ? ಮೀನು ಉಳೀಬೇಕು, ಅದು ಮುಖ್ಯ ನನಗೆ.

ಮಂಗಳೂರು_ಮತ್ಸ್ಯ:

ಸರ್, ಮೊದಲು ಒಂದು ಮಾತು, ಇವತ್ತು ನೀರಿಗೆ ಏನೂ ಹಾಕಬೇಡಿ. ಮೈಲುತುತ್ತನೂ ಬೇಡ, ಕಳೆನಾಶಕನೂ ಬೇಡ, ಸಗಣಿನೂ ಬೇಡ. ತೌಡು ಹಿಂಡಿ ನಿಲ್ಲಿಸಿ, ಮೂರ್ನಾಲ್ಕು ದಿನ ತಿಂದಿಲ್ಲ ಅಂದ್ರೆ ಕಾಟ್ಲಾ ರೋಹು ತರದ ಗೆಂಡೆ ಮೀನಿಗೆ ಏನೂ ಆಗಲ್ಲ. ನಾನು ಮಂಗಳೂರು ಮೀನುಗಾರಿಕೆ ಕಾಲೇಜಲ್ಲಿ ಓದಿದವನು, ಈಗ ರೈತರ ಕೆರೆಗಳಲ್ಲೇ ಕೆಲಸ. ನೀವು ಬರೆದಿರೋದು ಓದ್ತಿದ್ದಂಗೇ ಗೊತ್ತಾಯ್ತು, ಇದು ರೋಗ ಅಲ್ಲ, ಉಸಿರುಗಟ್ಟಿರೋದು.

ನೀವು ಹೇಳ್ತಿರೋ ಗಿಡ ಹೈಡ್ರಿಲ್ಲಾ, ತರಿ ಎಲೆ ಮತ್ತೆ ಬೇರಿನ ಗೆಡ್ಡೆ ನೋಡಿದ್ರೆ ಅನುಮಾನವೇ ಇಲ್ಲ. ಹಗಲು ಬಿಸಿಲಲ್ಲಿ ಈ ಗಿಡ ನೀರಿಗೆ ಆಮ್ಲಜನಕ ಬಿಡುತ್ತೆ, ಮಧ್ಯಾಹ್ನ 3 ಗಂಟೆಗೆ ಅಳೆದ್ರೆ ಬೇಕಾದಷ್ಟಿರುತ್ತೆ. ಸೂರ್ಯ ಮುಳುಗಿದ ಮೇಲೆ ಅದೇ ಗಿಡ ಉಸಿರಾಡೋಕೆ ಆಮ್ಲಜನಕ ವಾಪಸ್ ಎಳ್ಕೊಳ್ಳುತ್ತೆ, ಮೀನೂ ಎಳೆಯುತ್ತೆ, ತಳದ ಕೊಳೆನೂ ಎಳೆಯುತ್ತೆ. ರಾತ್ರಿಯೆಲ್ಲಾ ಖರ್ಚೇ ಹೊರತು ಜಮಾ ಇಲ್ಲ. ಅದಕ್ಕೇ ಬೆಳಗಿನ ಜಾವ ನಾಲ್ಕರಿಂದ ಆರರೊಳಗೆ ತೀರಾ ಕಮ್ಮಿ ಆಗೋದು. ಮೋಡ ಇದ್ರಂತೂ ಹಗಲಲ್ಲೂ ಜಮಾ ಆಗಿರಲ್ಲ, ಒಂದೊಂದು ದಿನಕ್ಕೂ ಇನ್ನಷ್ಟು ಕೆಳಗೆ ಇಳಿಯುತ್ತೆ. ಗೆಂಡೆ ಮೀನಿಗೆ ಲೀಟರಿಗೆ 5 ಮಿಲಿಗ್ರಾಂ ಆಮ್ಲಜನಕ ಇದ್ರೆ ಚೆನ್ನಾಗಿ ತಿಂದು ಬೆಳೀತಾವೆ, 3ಕ್ಕೆ ಇಳಿದ್ರೆ ಮೇವು ಬಿಡ್ತಾವೆ, ಅದಕ್ಕಿಂತ ಕೆಳಗೆ ಹೋದ್ರೆ ಮೇಲೆ ಬಂದು ಬಾಯಿ ಬಿಡೋಕೆ ಶುರು, 1ರ ಹತ್ರ ಬಂದ್ರೆ ಸಾವು. ನಿಮ್ಮ ಮೀನು ಈಗ ಆ ಕೊನೆ ಅಂಚಲ್ಲಿ ನಿಂತಿದಾವೆ. ಕಾಟ್ಲಾನೇ ಮೊದಲು ಹೋಗಿದ್ದು ಕೂಡ ಇದಕ್ಕೆ ಸರಿಹೊಂದುತ್ತೆ, ಅದು ಈ ಮೂರರಲ್ಲಿ ಸ್ವಲ್ಪ ನಾಜೂಕು.

ಇವತ್ತು ರಾತ್ರಿಗೆ ಮಾಡಬೇಕಾದ್ದು: ಮೋಟಾರ್ ಇದೆಯಲ್ವಾ, ಕೆರೆ ನೀರನ್ನೇ ಎತ್ತಿ ಕೆರೆಗೇ ಬೀಳಿಸಿ. ಪೈಪ್ ಬಾಯಿ ನೀರೊಳಗೆ ಮುಳುಗಿರಬಾರದು, ನಾಲ್ಕೈದಡಿ ಮೇಲಿಂದ ಒಂದು ಚಪ್ಪಡಿ ಕಲ್ಲಿನ ಮೇಲೋ ತಗಡಿನ ಮೇಲೋ ಬಿದ್ದು ಚದುರಿ ಹೋಗಬೇಕು. ಎಷ್ಟು ಸಣ್ಣ ಹನಿ ಆಗುತ್ತೋ ಅಷ್ಟು ಗಾಳಿ ಸೇರುತ್ತೆ. ರಾತ್ರಿ 12ಕ್ಕೆ ಶುರು ಮಾಡಿ ಬಿಸಿಲು ಬರೋವರೆಗೂ ಓಡಿಸಿ. ಬೋರ್‌ವೆಲ್ ನೀರು ಬಿಡ್ತೀನಿ ಅಂದ್ರೂ ಹಂಗೇ ಮೇಲಿಂದ ಚದುರಿಸಿ ಬಿಡಿ, ಯಾಕಂದ್ರೆ ಆಳದ ಬೋರ್ ನೀರಲ್ಲಿ ಆಮ್ಲಜನಕ ಹೆಚ್ಚುಕಮ್ಮಿ ಇರೋದೇ ಇಲ್ಲ, ಪೈಪನ್ನ ಸೀದಾ ಕೆರೆಗೆ ಇಳಿಬಿಟ್ರೆ ಪ್ರಯೋಜನ ಆಗಲ್ಲ.

ಕಳೆ ತೆಗೆಯೋ ವಿಷಯ ಆಮೇಲೆ. ಆದ್ರೆ ಒಂದು ಗಟ್ಟಿ ಹಿಡ್ಕೊಳ್ಳಿ, ಒಂದೇ ಸಲಕ್ಕೆ ಪೂರ್ತಿ ಕಳೆ ಸಾಯಿಸೋ ಕೆಲಸ ಯಾವ ದಾರೀಲೂ ಮಾಡಬೇಡಿ. ಸತ್ತ ಕಳೆ ನೀರಲ್ಲೇ ಕೊಳೆತ್ರೆ ಇರೋ ಆಮ್ಲಜನಕನೆಲ್ಲಾ ಆ ಕೊಳೆಯೋ ಕೆಲಸವೇ ತಿಂದುಬಿಡುತ್ತೆ. ನಾನು ನೋಡಿರೋ ಹಾಗೆ ಕಳೆಯಿಂದ ಸತ್ತ ಮೀನಿಗಿಂತ ಕಳೆ ಕೊಂದಿದ್ರಿಂದ ಸತ್ತ ಮೀನೇ ಜಾಸ್ತಿ.

ಹರಿಹರ_ಭತ್ತ:

ಮೇಲಿನವ್ರು ಹೇಳಿದ್ದು ನೂರಕ್ಕೆ ನೂರು ನಿಜ, ನಾನು ಅನುಭವಿಸಿದೀನಿ ಅದಕ್ಕೇ ಬರೀತಿದೀನಿ. ನಮ್ದು ಎಂಟು ಗುಂಟೆ ಕೆರೆ. ಎರಡು ವರ್ಷದ ಹಿಂದೆ ಇದೇ ತರ ಹಬ್ಬಿತ್ತು, ಜತೆಗೆ ಅಂಚಲ್ಲಿ ಜೊಂಡು, ಮೇಲೆ ಅಂತರಗಂಗೆ. ಒಂದು ಅಂಗಡೀಲಿ ಕೇಳಿದೆ, ಬದು ಹುಲ್ಲಿಗೆ ಹೊಡೆಯೋ ಕಳೆನಾಶಕನೇ ಕೊಟ್ರು, ಮೀನಿಗೇನೂ ಆಗಲ್ಲ ಅಂದ್ರು. ನಾನೂ ನಂಬಿ ಪೂರ್ತಿ ಕೆರೆ ಮೇಲೆ ಹೊಡೆದೆ. ಮೊದಲೆರಡು ದಿನ ಏನೂ ಆಗ್ಲಿಲ್ಲ. ಮೂರನೇ ದಿನ ಅಂತರಗಂಗೆ ಹಳದಿ ಆಯ್ತು, ಐದನೇ ದಿನ ಕೊಳೆತು ನೀರು ಕಾಫಿ ಬಣ್ಣಕ್ಕೆ ತಿರುಗ್ತು, ಕೊಳೆತ ಮೊಟ್ಟೆ ವಾಸನೆ ಹೊಡೀತಿತ್ತು. ಆರನೇ ದಿನ ಬೆಳಗ್ಗೆ ಏರಿ ಮೇಲೆ ನಿಂತು ನೋಡಿದ್ರೆ ನೀರು ಕಾಣ್ತಿಲ್ಲ, ಬರೀ ಬಿಳೀ ಹೊಟ್ಟೆ. ಹೆಂಡ್ತಿ ನಾನು ಇಬ್ಬರೂ ಸಂಜೆವರೆಗೂ ಬುಟ್ಟೀಲಿ ಹೊತ್ತು ಗುಂಡಿಗೆ ಹಾಕಿ ಮಣ್ಣು ಮುಚ್ಚಿದ್ವಿ. ಮಾರೋಕೂ ಆಗಲ್ಲ ತಿನ್ನೋಕೂ ಆಗಲ್ಲ. ನೀರೊಳಗಿನ ಬಳ್ಳಿ ಮಾತ್ರ ಅಲ್ಲಾಡಿರ್ಲಿಲ್ಲ.

ದಯವಿಟ್ಟು ಅಂಗಡಿ ಮಾತು ಕೇಳಬೇಡಿ.

ಮಂಗಳೂರು_ಮತ್ಸ್ಯ:

ಹರಿಹರದವ್ರೆ, ಬಳ್ಳಿ ಯಾಕೆ ಸಾಯಲಿಲ್ಲ ಅಂತ ಹೇಳ್ತೀನಿ ಕೇಳಿ. ಬದುವಿಗೆ ಹೊಡೆಯೋದು ಸಾಮಾನ್ಯವಾಗಿ ಗ್ಲೈಫೋಸೇಟ್. ಅದು ನೀರಿಂದ ಮೇಲಿರೋ ಹಸಿರು ಎಲೆ ಮೇಲೆ ಬಿದ್ರೆ ಮಾತ್ರ ಕೆಲಸ ಮಾಡೋದು, ನೀರಿಗೆ ಬಿದ್ರೆ ತೆಳುವಾಗಿ ಹೋಗಿ ಕೆಸರಿಗೆ ಅಂಟ್ಕೊಂಡುಬಿಡುತ್ತೆ, ಹಂಗಾಗಿ ಮುಳುಗಿರೋ ಹೈಡ್ರಿಲ್ಲಾಗೆ ತಟ್ಟಲ್ಲ. ಜತೆಗೆ ಎಲೆಗೆ ಅಂಟಲಿ ಅಂತ ಅದರೊಳಗೆ ಸೋಪಿನ ತರದ್ದೊಂದು ಅಂಶ ಸೇರಿಸಿರ್ತಾರೆ, ಎಷ್ಟೋ ಸಲ ಮೀನಿನ ಕಿವಿರಿಗೆ ಔಷಧಿಗಿಂತ ಅದೇ ಹೆಚ್ಚು ಕೆಟ್ಟದ್ದು. 2022ರ ಅಕ್ಟೋಬರಲ್ಲಿ ಕೇಂದ್ರ ಸರ್ಕಾರ ಗ್ಲೈಫೋಸೇಟನ್ನ ಲೈಸೆನ್ಸ್ ಇರೋ ಕೀಟ ನಿಯಂತ್ರಣದವ್ರ ಕೈಲಿ ಬಿಟ್ಟು ಬೇರೆಯವ್ರು ಬಳಸಬಾರದು ಅಂತ ಆದೇಶ ಮಾಡಿದೆ, ಮೀನಿರೋ ಕೆರೆಗೆ ಹೊಡಿ ಅನ್ನೋದಂತೂ ಯಾವ ಕಾಲಕ್ಕೂ ಸರಿ ಅಲ್ಲ. ನಿಮಗಾದ ನಷ್ಟಕ್ಕೆ ಬೇಜಾರಾಯ್ತು.

ಪುತ್ತೂರು_ಅಡಿಕೆ:

ಮೈಲುತುತ್ತದ ವಿಷಯ ನಾನು ಹೇಳ್ತೇನೆ, ನಾವು ಅದರ ಒಟ್ಟಿಗೇ ಬದುಕುವವರು ಅಲ್ವಾ. ಮಳೆಗಾಲದಲ್ಲಿ ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ ಒಂದು ಕೆಜಿ ಸುಣ್ಣ, ಎರಡು ಮೂರು ಸಲ ಸಿಂಪಡಣೆ. ನಮ್ಮ ತೋಟದ ನಡುವೆ ಒಂದು ಸಣ್ಣ ಕೆರೆ ಉಂಟು, ಅದರಲ್ಲಿ ನೂರೈವತ್ತು ಮೀನು ಇತ್ತು. ಒಂದು ವರ್ಷ ಬೋರ್ಡೋ ಕಲಸಿದ ಡ್ರಮ್ಮನ್ನು ಕೆಲಸದವರು ಕೆರೆ ಬದಿಯಲ್ಲೇ ತೊಳೆದರು, ಕೊಂಬೆಯಿಂದ ತೊಟ್ಟಿಕ್ಕುವ ದ್ರಾವಣವೂ ನೀರಿಗೇ ಬೀಳ್ತಾ ಇತ್ತು. ಎರಡೇ ದಿನದಲ್ಲಿ ಮೂವತ್ತು ನಲ್ವತ್ತು ಮೀನು ಹೋಯ್ತು ಮಾರಾಯ್ರೆ. ತಾಮ್ರ ಕಿವಿರಿಗೆ ಹಿಡಿದುಕೊಳ್ತದೆ. ಆಮೇಲಿಂದ ಕೆರೆಯಿಂದ ಎರಡು ಸಾಲು ಮರಕ್ಕೆ ಗಾಳಿ ಇಲ್ಲದ ದಿನ ನೋಡಿ ಹೊಡೆಸ್ತೇನೆ, ಡ್ರಮ್ ತೊಳೆಯುವುದು ದೂರ, ತೆಂಗಿನ ಬುಡದಲ್ಲಿ. ಕೊಳೆರೋಗದ ಔಷಧಿ ನೀವೂ ಈಗಷ್ಟೇ ಹೊಡೆದಿದ್ದೀರಿ ಅಲ್ವಾ, ಆ ಕಡೆಯೂ ಒಮ್ಮೆ ನೋಡಿ.

ಹೊಸ_ಹೊಂಡ:

ಅಣ್ಣ ಮೈಲುತುತ್ತ ಲೆಕ್ಕ ಹಾಕಿ ಕಮ್ಮಿ ಹಾಕಿದ್ರೆ? ಹೊರದೇಶದಲ್ಲಿ ಹಾಕ್ತಾರೆ ಅಂತ ವಿಡಿಯೋ ನೋಡಿದೆ. ಇಲ್ಲಾಂದ್ರೆ ಅಕ್ವೇರಿಯಂ ಅಂಗಡೀಲಿ ಸಿಗೋ ಸಕ್ಕರ್ ಫಿಶ್, ಗಾಜಿಗೆ ಅಂಟ್ಕೊಂಡು ಪಾಚಿ ತಿನ್ನುತ್ತಲ್ಲ ಅದನ್ನ ಬಿಟ್ರೆ? ನಂದು 21×21 ಮೀಟರ್ ಪ್ಲಾಸ್ಟಿಕ್ ಹೊಂಡ, ಅದರಲ್ಲಿ ಕೂದಲು ಕೂದಲು ಪಾಚಿ ಬಂದಿದೆ, ಅದಕ್ಕೂ ಹೇಳಿ.

ಮಂಗಳೂರು_ಮತ್ಸ್ಯ:

ತಮ್ಮಾ, ಸಕ್ಕರ್ ಫಿಶ್ ಮಾತ್ರ ಬೇಡವೇ ಬೇಡ. ಅದು ದಕ್ಷಿಣ ಅಮೆರಿಕದ್ದು, ಅಕ್ವೇರಿಯಂನಿಂದ ತಪ್ಪಿಸಿಕೊಂಡು ನಮ್ಮ ದೇಶದ ಎಷ್ಟೋ ಕೆರೆ ಹೊಳೆಗಳಲ್ಲಿ ಈಗ ತಾನಾಗೇ ಮರಿ ಮಾಡ್ತಿದೆ, ಏರಿ ದಂಡೆಯಲ್ಲಿ ಬಿಲ ತೋಡಿ ಮೊಟ್ಟೆ ಇಡುತ್ತೆ, ಮೈಯೆಲ್ಲಾ ಗಟ್ಟಿ ಕವಚ, ಬಲೆ ಹರಿಯುತ್ತೆ, ಯಾರೂ ಕೊಳ್ಳಲ್ಲ. ಒಂದು ಮಳೆಗೆ ಕೋಡಿ ಹರಿದ್ರೆ ನಿನ್ನ ಹೊಂಡದಿಂದ ಊರ ಕೆರೆಗೆ ಹೋಗುತ್ತೆ, ಆಮೇಲೆ ತೆಗೆಯೋಕಾಗಲ್ಲ.

ಮೈಲುತುತ್ತಕ್ಕೆ ಲೆಕ್ಕ ಇದೆ, ಆದ್ರೆ ಆ ಲೆಕ್ಕ ನಿಂತಿರೋದು ನೀರಿನ ಕ್ಷಾರೀಯತೆ, ಅಂದ್ರೆ ನೀರಲ್ಲಿ ಕರಗಿರೋ ಸುಣ್ಣದಂಥ ಅಂಶದ ಮೇಲೆ. ಅದು ಲೀಟರಿಗೆ 50 ಮಿಲಿಗ್ರಾಂಗಿಂತ ಕಮ್ಮಿ ಇದ್ರೆ ಹಾಕಲೇಬಾರದು, ಮಲೆನಾಡು ಕರಾವಳಿಯ ಮೆದು ನೀರು ಬಹಳ ಕಡೆ ಹಂಗೇ ಇರೋದು, ಅದಕ್ಕೇ ಪುತ್ತೂರಿನವ್ರ ಕೆರೇಲಿ ಡ್ರಮ್ ತೊಳೆದ ನೀರೇ ಸಾಕಾಯ್ತು. ಗಡಸು ನೀರಲ್ಲಿ ಹಾಕಿದ್ರೂ ಅದು ಮೊದಲು ಸಾಯಿಸೋದು ನೀರಿಗೆ ಹಸಿರು ಬಣ್ಣ ಕೊಡೋ ಸೂಕ್ಷ್ಮ ಪಾಚಿನ, ಗೆಂಡೆಗಳ ಆಹಾರ ಶುರುವಾಗೋದೇ ಅಲ್ಲಿಂದ. ಹೈಡ್ರಿಲ್ಲಾ ಅಷ್ಟಕ್ಕೆ ಬಗ್ಗಲ್ಲ. ತಾಮ್ರ ಕರಗಿ ಮಾಯ ಆಗಲ್ಲ, ತಳದ ಕೆಸರಲ್ಲಿ ವರ್ಷ ವರ್ಷ ಸೇರ್ತಾ ಹೋಗುತ್ತೆ.

ನಿನ್ನ ಕೂದಲು ಪಾಚಿಗೆ ಒಂದು ಬಿದಿರು ಗಳಕ್ಕೆ ತೆಂಗಿನ ಗರಿ ಕಡ್ಡಿ ಕಟ್ಟಿ ಜುಟ್ಟು ಸುತ್ತಿದ ಹಾಗೆ ಸುತ್ತಿ ಎಳಿ, ಹಾಳೆಗೆ ಚೂಪಾದ್ದು ತಾಗಿಸಬೇಡ. ಮೇವು ಅರ್ಧ ಮಾಡು. ಹೊಂಡಕ್ಕೆ ನೀರು ಬರೋ ಬಾಯಲ್ಲಿ ಹೂಳು ಗುಂಡಿ ಇಲ್ಲ ಅಂದ್ರೆ ಮಾಡ್ಕೋ, ಹೊಲದ ಗೊಬ್ಬರ ತೊಳೆದು ಬರೋದೇ ಪಾಚಿಗೆ ಊಟ.

ಮದ್ದೂರು_ಕಬ್ಬು:

ಯಜಮಾನ್ರೆ, ಹುಲ್ಲುಗೆಂಡೆ ಬಗ್ಗೆ ನಾನು ಹೇಳ್ತೀನಿ, ಒಂಬತ್ತು ವರ್ಷದಿಂದ ಸಾಕ್ತಿವ್ನಿ. ನಿಮ್ಮ ಕಳೆಗೆ ಅದಕ್ಕಿಂತ ಒಳ್ಳೆ ಮದ್ದಿಲ್ಲ ಕಣ್ರಿ. ಆದ್ರೆ ಎಲ್ಲಾರೂ ಮಾಡೋ ತಪ್ಪು ಒಂದೈತೆ, ಕಳೆ ತುಂಬ್ಕೊಂಡ ಮೇಲೆ ಎರಡಿಂಚು ಮರಿ ತಂದು ಬುಡ್ತಾರೆ. ಎರಡಿಂಚು ಮರಿ ಏನ್ ಕಳೆ ತಿಂದಾತು, ಆಮೇಲೆ ನಾಲೆ ನೀರಲ್ಲಿ ಕೊರವ ಮೀನು ಬಂದು ಸೇರ್ಕೊಂಡಿರ್ತದೆ, ಅದು ಒಂದೊಂದನ್ನೇ ನುಂಗಿ ಹಾಕ್ತದೆ. ನಾನು ಮೊದಲ ವರ್ಷ ನೂರು ಮರಿ ಬುಟ್ಟು ಕೊನೇಲಿ ಹಿಡಿದಿದ್ದು ಒಂಬತ್ತು. ಈಗ ಮನೆ ಪಕ್ಕ ಸಣ್ಣ ಗುಂಡೀಲಿ ಸಾಕಿ ಅಂಗೈ ಉದ್ದ ದಾಟಿ ನೂರು ನೂರೈವತ್ತು ಗ್ರಾಂ ಬಂದ ಮೇಲೆ ದೊಡ್ಡ ಕೆರೆಗೆ ಬುಡ್ತೀನಿ. ನಿಮ್ಮ ಹನ್ನೆರಡು ಗುಂಟೆಗೆ ಅಂಥವು 25–30 ಸಾಕು, ನೂರು ಬುಟ್ರೆ ಕಳೆ ಖಾಲಿಯಾದ ಮೇಲೆ ಅವುಕ್ಕೆ ಹುಲ್ಲು ಒದಗಿಸೋದೇ ನಿಮ್ಗೆ ಕೆಲಸ ಆಯ್ತದೆ.

ಬೆಚ್ಚನೆ ನೀರಲ್ಲಿ ಎಳೆ ಹುಲ್ಲುಗೆಂಡೆ ದಿನಕ್ಕೆ ತನ್ನ ತೂಕದಷ್ಟು ಹಸಿರು ತಿಂತದೆ. ಈ ಬಳ್ಳಿ ಪಾಚಿ ಅಂದ್ರೆ ಅದುಕ್ಕೆ ಪ್ರಾಣ, ಅಜೋಲಾ, ಸಾಸಿವೆ ಕಾಳಷ್ಟು ಎಲೆ ತೇಲೋ ಪಾಚಿ ಅದೂ ತಿಂತದೆ. ಅಂತರಗಂಗೆ, ತಾವರೆ, ಜೊಂಡು ಇವನ್ನ ಮುಟ್ಟಲ್ಲ, ಅವನ್ನ ಕೈಯಲ್ಲೇ ಕೀಳ್ಬೇಕು. ಕಳೆ ಮುಗಿದ ಮೇಲೆ ನಾನು ನಾಲ್ಕು ಬಿದಿರು ಕಟ್ಟಿ ಚೌಕ ಮಾಡಿ ನೀರ ಮೇಲೆ ತೇಲಿಬುಟ್ಟು ಅದರೊಳಗೆ ನೇಪಿಯರ್ ಹುಲ್ಲು ಕತ್ತರಿಸಿ ಹಾಕ್ತೀನಿ, ಸಂಜೆ ಹೊತ್ತು ಏರಿ ಮೇಲೆ ಸದ್ದಿಲ್ಲದೆ ಕೂತ್ರೆ ಎಲೆ ತುದಿ ನಡುಗ್ತಾ ನಡುಗ್ತಾ ಒಂದೊಂದೇ ಸರಕ್ಕನೆ ಒಳಕ್ಕೋಯ್ತದೆ, ಬೆಳಗ್ಗೆಗೆ ಚೌಕದಲ್ಲಿ ಬರೀ ದಂಟು. ಅದು ತಿಂದು ಹಾಕೋದ್ರಲ್ಲಿ ಅರ್ಧ ಜೀರ್ಣ ಆಗಿರಲ್ಲ, ಅದೇ ನೀರಿಗೆ ಗೊಬ್ಬರ ಆಗಿ ಕಾಟ್ಲಾ ರೋಹುಗೆ ಮೇವು ಹುಟ್ಟುತ್ತೆ.

ಇನ್ನೊಂದು, ಅದು ನೆಗೆಯೋ ಮೀನು. ಕೋಡಿಗೆ ಬಲೆ ಕಟ್ಟಿ.

ಮಂಗಳೂರು_ಮತ್ಸ್ಯ:

ಇವ್ರು ಹೇಳಿದ್ದಕ್ಕೆ ಎರಡು ಮಾತು ಸೇರಿಸ್ತೀನಿ. ಹುಲ್ಲುಗೆಂಡೆ ಚೀನಾ ಕಡೆಯ ಮೀನು, 1959ರಲ್ಲಿ ನಮ್ಮ ದೇಶಕ್ಕೆ ತಂದಿದ್ದು, ತಂದ ಕಾರಣಗಳಲ್ಲಿ ಕೆರೆ ಕಳೆ ತೆಗೆಯೋದೂ ಒಂದು. ನಿಂತ ನೀರಲ್ಲಿ ಅದು ತಾನಾಗೇ ಮರಿ ಮಾಡಲ್ಲ, ಚುಚ್ಚುಮದ್ದು ಕೊಟ್ಟು ಮೊಟ್ಟೆ ಇಡಿಸಬೇಕು, ಹಂಗಾಗಿ ನಿಮ್ಮ ಕೆರೇಲಿ ಲೆಕ್ಕ ತಪ್ಪಿ ಹೆಚ್ಚಾಗೋ ಭಯ ಇಲ್ಲ. ಆದ್ರೂ ಕೋಡಿಗೆ ಬಲೆ ಅನ್ನೋದು ತಪ್ಪದೇ ಮಾಡಿ, ಊರ ಕೆರೆಗೆ ಹೋದ್ರೆ ಅಲ್ಲಿನ ಮೀನು ಮೊಟ್ಟೆ ಇಡೋ ಹುಲ್ಲನ್ನೆಲ್ಲಾ ಬೋಳು ಮಾಡುತ್ತೆ.

ಎರಡನೇದು, ಈಗ್ಲೇ ಬಿಡಬೇಡಿ. ಇರೋ ಮೀನಿಗೇ ಉಸಿರಿಲ್ಲ. ಮೊದಲು ಕಳೆ ಅರ್ಧ ಆದ್ರೂ ಕೈಲಿ ತೆಗೀರಿ, ಬೆಳಗಿನ ಜಾವ ಬಾಯಿ ಬಿಡೋದು ನಿಲ್ಲಲಿ, ಆಮೇಲೆ ಬಿಡಿ. ಹುಲ್ಲುಗೆಂಡೆ ಇರೋದು ಮತ್ತೆ ಬರದ ಹಾಗೆ ಕಾಯೋಕೆ, ಮುಕ್ಕಾಲು ಕೆರೆ ತುಂಬಿರೋ ಕಾಡನ್ನ ಮೂವತ್ತು ಮೀನು ಒಂದು ತಿಂಗಳಲ್ಲಿ ಮುಗಿಸಲ್ಲ.

ಶಿರಸಿ_ಸೊಪ್ಪಿನಬೆಟ್ಟ:

ಕೈಲಿ ತೆಗೆಯೋದು ಹೇಗೆ ಅಂತ ನಾನು ಬರೀತೇನೆ ತಮ್ಮಾ, ಇದು ನಮ್ಮನೆ ಹೆಂಗಸರೇ ಮಾಡುವ ಕೆಲಸ. ನಾಲ್ಕು ವರ್ಷ ಆಯ್ತು, ನಮ್ಮ ತೋಟದ ಕೆರೆಯಲ್ಲೂ ಇದೇ ಬಳ್ಳಿ. ಮೊದಲ ಸಲ ಕತ್ತಿಯಲ್ಲಿ ಕೊಯ್ದು ತೆಗೆದೆವು, ಅದು ದೊಡ್ಡ ತಪ್ಪು. ಕೊಯ್ದಾಗ ತುಂಡು ತುಂಡಾಗಿ ಕೆರೆ ತುಂಬಾ ತೇಲಿತು, ಒಂದೊಂದು ಗಣ್ಣೂ ಒಂದೊಂದು ಗಿಡ ಆಗ್ತದೆ, ಇಪ್ಪತ್ತು ದಿನದಲ್ಲಿ ಮೊದಲಿಗಿಂತ ದಟ್ಟ. ಕೊಯ್ಯಬಾರದು, ಎಳೀಬೇಕು.

ಈಗ ಹೀಗೆ ಮಾಡ್ತೇವೆ. ಕೆರೆಯ ಅಗಲಕ್ಕಿಂತ ಸ್ವಲ್ಪ ಉದ್ದದ ಹಗ್ಗ, ಅದಕ್ಕೆ ಹಳೇ ಬೇಲಿಯ ಮುಳ್ಳುತಂತಿ ಸುತ್ತಿ, ಅಲ್ಲಲ್ಲಿ ತೂಕಕ್ಕೆ ಕಲ್ಲು ಕಟ್ಟಿ ತಳಕ್ಕೆ ಇಳಿಸೋದು. ಆ ದಡದಲ್ಲಿ ಇಬ್ಬರು ಈ ದಡದಲ್ಲಿ ಇಬ್ಬರು, ನಿಧಾನಕ್ಕೆ ಎಳೆದುಕೊಂಡು ಬಂದರೆ ಬಳ್ಳಿ ಚಾಪೆ ಸುತ್ತಿದಂತೆ ಸುರುಳಿಯಾಗಿ ಬರ್ತದೆ, ಬುಡ ಸಮೇತ ಬರ್ತದೆ. ಬೇಗ ಎಳೆದರೆ ತಳದ ಕೆಸರು ಎದ್ದು ನೀರು ರಾಡಿ, ಅದೂ ಮೀನಿಗೆ ಕಷ್ಟವೇ. ಸುರುಳಿಯನ್ನು ದಡಕ್ಕೆ ತಂದಾಗ ಹಿಂದೆ ಒಬ್ಬರು ಸೊಳ್ಳೆಪರದೆ ಬಲೆ ಹಿಡಿದು ನಿಂತು ತೇಲುವ ತುಂಡನ್ನೆಲ್ಲ ಗೋರಬೇಕು. ದಡದ ಮೇಲೆ ಬಿದ್ದ ಬಳ್ಳಿಯನ್ನು ಐದು ನಿಮಿಷ ಕೊಡವಿ ಬಿಡಿ, ಅದರೊಳಗೆ ಸಣ್ಣ ಸಿಗಡಿ, ಮರಿ ಮೀನು ಸಿಕ್ಕಿಕೊಂಡಿರ್ತವೆ, ನಮ್ಮ ಮಗಳು ಅವನ್ನು ಒಂದೊಂದಾಗಿ ಆರಿಸಿ ನೀರಿಗೆ ಬಿಡ್ತಾಳೆ.

ತೆಗೆದದ್ದನ್ನು ಕೆರೆ ಏರಿಯ ಮೇಲೆ ರಾಶಿ ಹಾಕಬೇಡ. ಮಳೆ ಬಂದರೆ ಅದರ ರಸ ಎಲ್ಲ ವಾಪಸ್ ಕೆರೆಗೇ. ದೂರ ಒಯ್ದು ಎರಡು ದಿನ ಬಾಡಿಸಿ, ಸೊಪ್ಪು ಸಗಣಿ ಜತೆ ಗೊಬ್ಬರ ಗುಂಡಿಗೆ ಹಾಕು, ಇಲ್ಲವಾದರೆ ಅಡಿಕೆ ಬುಡಕ್ಕೆ ಹಾಸು. ಹಸಿಯಾಗಿದ್ದಾಗ ಬಂಡಿ ತುಂಬ ಕಾಣ್ತದೆ, ಒಣಗಿದರೆ ಒಂದು ಬುಟ್ಟಿ, ಬರೀ ನೀರೇ ಅದು.

ಒಂದೇ ದಿನ ಪೂರ್ತಿ ಎಳೆಯಬೇಡಿ. ನಾವು ಕೆರೆಯನ್ನು ಕಣ್ಣಳತೆಯಲ್ಲಿ ಮೂರು ನಾಲ್ಕು ಪಾಲು ಮಾಡಿ ಒಂದು ಪಾಲು ತೆಗೆದು ಹತ್ತು ಹನ್ನೆರಡು ದಿನ ಬಿಡ್ತೇವೆ. ಬೆಳಗ್ಗೆ ಬಿಸಿಲೇರಿದ ಮೇಲೆಯೇ ನೀರಿಗೆ ಇಳಿಯೋದು, ಮೋಡದ ದಿನ ಇಳಿಯೋದಿಲ್ಲ.

ಚನ್ನಗಿರಿ_ತೋಟ:

ಎಲ್ಲರಿಗೂ ಕೈಮುಗಿದೆ. ನಿನ್ನೆ ರಾತ್ರಿ 12:15ಕ್ಕೆ ಮೋಟಾರ್ ಹಾಕಿ ಪೈಪನ್ನ ತೆಂಗಿನ ಮರಕ್ಕೆ ಕಟ್ಟಿ ಕೆಳಗೆ ಹಳೇ ತಗಡಿನ ಶೀಟ್ ಇಟ್ಟೆ, ಮಳೆ ಬಿದ್ದಂಗೆ ಬೀಳ್ತಿತ್ತು. ನಾಲ್ಕು ಗಂಟೆಗೆ ನೋಡಿದ್ರೆ ಮೀನೆಲ್ಲಾ ಆ ತಗಡಿನ ಸುತ್ತಲೇ ಬಂದು ನಿಂತಿದ್ವು, ಬಾಯಿ ಬಿಡೋದು ಇತ್ತು ಆದ್ರೆ ಮೊನ್ನೆಯಷ್ಟು ಇರ್ಲಿಲ್ಲ. ಇವತ್ತು ಒಂದೂ ಸತ್ತಿಲ್ಲ. ಅಕ್ಕ ಹೇಳಿದ ಮುಳ್ಳುತಂತಿ ಹಗ್ಗ ನಾಳಿದ್ದು ರೆಡಿ ಮಾಡ್ತೀನಿ, ಬಿಸಿಲು ಬರ್ಲಿ. ಮೈಲುತುತ್ತದ ಚೀಲ ಅಟ್ಟಕ್ಕೆ ಹಾಕಿದೆ. ಪುತ್ತೂರಿನವ್ರು ಕೇಳಿದಂಗೆ ಔಷಧಿ ಹೊಡೆದಿದ್ದು ತೋಟದ ಮೇಲ್ಭಾಗದಲ್ಲಿ, ಡ್ರಮ್ ತೊಳೆದಿದ್ದೂ ಅಲ್ಲೇ, ಕೆರೆಗೆ ಬಂದಿಲ್ಲ.

ಒಂದು ಅನುಮಾನ. ಕೆರೆ ಹಳೇದು, ಮೀನು ಬಿಟ್ಟು ವರ್ಷ ಆಯ್ತು, ಈ ವರ್ಷವೇ ಯಾಕೆ ಇಷ್ಟೊಂದು ಕಳೆ ಬಂತು? ಮತ್ತೆ ಕಳೆ ತೆಗೆದ ಜಾಗದಲ್ಲಿ ಸುಣ್ಣ ಹಾಕಬಹುದಾ?

ಮಂಗಳೂರು_ಮತ್ಸ್ಯ:

ಸತ್ತಿಲ್ಲ ಅನ್ನೋದು ಓದಿ ಸಮಾಧಾನ ಆಯ್ತು ಸರ್. ಮೋಡ ಹೋಗೋವರೆಗೂ ರಾತ್ರಿ ಮೋಟಾರ್ ನಿಲ್ಲಿಸಬೇಡಿ.

ಯಾಕೆ ಬಂತು ಅನ್ನೋದಕ್ಕೆ ಉತ್ತರ ನೀವೇ ಮೊದಲು ಬರೆದಿದೀರಿ, ಮೇಲಿನ ಗದ್ದೆಗಳ ಬಸಿನೀರು. ನಾಲೆ ನೀರು ಬಿಟ್ಟು ನಾಟಿ ಆಗಿ ಈಗ ಮೇಲುಗೊಬ್ಬರ ಕೊಡೋ ಕಾಲ, ಯೂರಿಯಾ ಎರಚಿದ ಗದ್ದೆಯಿಂದ ಹರಿದು ಬರೋ ನೀರು ಸೀದಾ ನಿಮ್ಮ ಕೆರೆಗೆ. ಜತೆಗೆ ವರ್ಷ ಪೂರ್ತಿ ತೌಡು ಹಿಂಡಿ, ಮೀನು ತಿಂದು ಮಿಕ್ಕಿದ್ದು ತಳದಲ್ಲಿ ಕೂತಿದೆ. ನೀರು ತಿಳಿಯಾಗಿ ಬಿಸಿಲು ತಳ ಮುಟ್ಟಿದ್ರೆ ಆ ಗೊಬ್ಬರ ಬಳ್ಳಿಗೆ ಹೋಗುತ್ತೆ, ನೀರು ಹದವಾಗಿ ಹಸಿರಾಗಿದ್ರೆ ಅದೇ ಗೊಬ್ಬರ ಸೂಕ್ಷ್ಮ ಪಾಚಿಗೆ ಹೋಗಿ ಮೀನಿಗೆ ಮೇವಾಗುತ್ತೆ, ತಳಕ್ಕೆ ನೆರಳೂ ಆಗುತ್ತೆ. ನಿಮ್ಮ ಕೆರೇಲಿ ಬಳ್ಳಿ ಗೆದ್ದಿದೆ. ಅದಕ್ಕೆ ಗದ್ದೆಯವ್ರನ್ನ ಕೇಳಿ, ಯೂರಿಯಾ ಹಾಕಿದ ಮೇಲೆ ಒಂದು ವಾರ ಆ ನೀರು ನಿಮ್ಮ ಕೆರೆಗೆ ಬರದೆ ಹಳ್ಳಕ್ಕೆ ಹೋಗೋ ಹಾಗೆ ಒಂದು ಕಾಲುವೆ ತಿರುಗಿಸಿ. ಈ ಕಾಲುವೆ ಕೆಲಸ ಎಲ್ಲಕ್ಕಿಂತ ಮುಖ್ಯ, ಇದಾಗದೆ ಎಷ್ಟು ಎಳೆದ್ರೂ ಮುಂದಿನ ವರ್ಷ ಮತ್ತೆ ಅಷ್ಟೇ ಬರುತ್ತೆ.

ನೀರಿನ ಹಸಿರು ನೋಡೋಕೆ ಯಂತ್ರ ಬೇಡ. ಬಿಸಿಲಿರುವಾಗ ಅಂಗೈ ಮಡಚಿ ಮೇಲ್ಮುಖ ಮಾಡಿ ಕೈಯನ್ನ ನೇರ ನೀರಿಗೆ ಇಳಿಸಿ. ಮೊಣಕೈ ಮುಳುಗೋ ಹೊತ್ತಿಗೆ ಅಂಗೈ ಕಾಣದಾದ್ರೆ ಹದ ಸರಿ ಇದೆ. ಮಣಿಕಟ್ಟು ದಾಟಿದ ಕೂಡಲೇ ಮಾಯ ಆದ್ರೆ ಹಸಿರು ಅತಿಯಾಯ್ತು, ಮೇವು ಗೊಬ್ಬರ ಎಲ್ಲಾ ನಿಲ್ಲಿಸಿ. ಮೊಣಕೈ ದಾಟಿ ತೋಳು ಮುಳುಗಿದ್ರೂ ಅಂಗೈ ಕಾಣ್ತಿದ್ರೆ ಬಳ್ಳಿಗೆ ಬಿಸಿಲು ಹೋಗ್ತಿದೆ ಅಂತ ಅರ್ಥ.

ಸುಣ್ಣ ಈಗ ಬೇಡ. ಕಳೆ ತುಂಬಿದ ಕೆರೇಲಿ ಮಧ್ಯಾಹ್ನದ ಹೊತ್ತು ಪಿಎಚ್ (ನೀರಿನ ಹುಳಿ-ಕ್ಷಾರದ ಅಳತೆ) ಆಗ್ಲೇ 9ರ ಮೇಲೆ ಹೋಗಿರೋ ಸಂಭವ ಇದೆ. ನೀರಲ್ಲಿರೋ ಅಮೋನಿಯಾದಲ್ಲಿ ಮೀನಿಗೆ ವಿಷ ಆಗೋ ಭಾಗ 30 ಡಿಗ್ರಿ ಶಾಖದಲ್ಲಿ ಪಿಎಚ್ 8 ಇದ್ರೆ ನೂರಕ್ಕೆ ಏಳೆಂಟು, 9 ಆದ್ರೆ ಹತ್ತಿರ ಹತ್ತಿರ ನಲವತ್ತೈದು. ಸುಟ್ಟ ಸುಣ್ಣ ಹಾಕಿ ಇನ್ನೂ ಮೇಲೆ ಏರಿಸಿದ್ರೆ ಕಷ್ಟ. ಕಳೆ ಪೂರ್ತಿ ಹತೋಟಿಗೆ ಬಂದ ಮೇಲೆ ನೀರು ಪರೀಕ್ಷೆ ಮಾಡಿಸಿ, ಬೇಕು ಅಂತ ಬಂದ್ರೆ ಕೃಷಿ ಸುಣ್ಣ, ಅದೂ ನಿಮ್ಮ ಅಳತೆಗೆ 25–30 ಕೇಜಿ ಮೀರದ ಹಾಗೆ ಎರಡು ಮೂರು ಕಂತಲ್ಲಿ.

ಹರಿಹರ_ಭತ್ತ:

ಸರ್ ನನಗೂ ಒಂದು ಹೇಳಿ. ಅಂತರಗಂಗೆಗೆ ಯಾವುದೋ ಹುಳ ಬಿಡ್ತಾರಂತಲ್ಲ, ಅದು ಸಿಗುತ್ತಾ?

ಮಂಗಳೂರು_ಮತ್ಸ್ಯ:

ಹುಳ ನಿಜ. ನೇರಳೆ ಹೂ ಬಿಡುತ್ತಲ್ಲ, ಉಬ್ಬಿದ ದಂಟಿನದ್ದು, ಆ ಕಳೆಗೆ ಮೂತಿ ಹುಳಗಳನ್ನ 1980ರ ದಶಕದ ಮೊದಲಲ್ಲೇ ಬೆಂಗಳೂರಿಗೆ ತರಿಸಿ ಪರೀಕ್ಷೆ ಮಾಡಿ ಅಲ್ಲಿನ ಕೆರೆಗಳಿಗೆ ಬಿಟ್ಟಿದ್ರು. ಎಲೆ ಕೆರೆದು ದಂಟು ಕೊರೆದು ಗಿಡನ ಸೊರಗಿಸುತ್ತೆ. ಆದ್ರೆ ಅದು ವರ್ಷಗಟ್ಟಲೆ ಹಿಡಿಯೋ ಕೆಲಸ, ದೊಡ್ಡ ಕೆರೆಗೆ ಸರಿ. ನಿಮ್ಮ ಎಂಟು ಗುಂಟೆಗೆ ನಾಲ್ಕು ಜನ ಇಳಿದ್ರೆ ಎರಡು ದಿನದಲ್ಲಿ ಕಿತ್ತು ಹಾಕಬಹುದು, ಹೂ ಬಿಟ್ಟು ಬೀಜ ಬೀಳೋ ಮುಂಚೆ ಕೀಳಿ, ಬೀಜ ಕೆಸರಲ್ಲಿ ಎಷ್ಟೋ ವರ್ಷ ಬದುಕಿರುತ್ತೆ.

ಚನ್ನಗಿರಿ_ತೋಟ (ಐದು ವಾರ ಆದ್ಮೇಲೆ):

ಬರೀತೀನಿ ಅಂತ ಹೇಳಿದ್ದೆ, ತಡ ಆಯ್ತು, ಕ್ಷಮಿಸಿ. ಮೂರು ಪಾಲು ಎಳೆದಾಯ್ತು, ಒಂದು ಮಿಕ್ಕೈತೆ. ಮೊದಲ ದಿನ ಮುಳ್ಳುತಂತಿ ಹಗ್ಗ ಎಳೆದಾಗ ಅಕ್ಕ ಹೇಳಿದಂಗೇ ಚಾಪೆ ಸುತ್ಕೊಂಡಂಗೆ ಬಂತು, ನಾಲ್ಕು ಜನಕ್ಕೆ ದಡಕ್ಕೆ ಎತ್ತೋಕಾಗದೆ ಟ್ರ್ಯಾಕ್ಟರ್‌ಗೆ ಕಟ್ಟಿ ಎಳೆದ್ವಿ. ಎರಡನೇ ಪಾಲು ತೆಗೆಯೋ ದಿನ ಮಧ್ಯಾಹ್ನ ಮೋಡ ಆಯ್ತು, ಅರ್ಧಕ್ಕೇ ನಿಲ್ಲಿಸಿ ಮೇಲೆ ಬಂದ್ವಿ, ಕೆಲಸದವ್ರು ಇನ್ನೊಂದು ಸುತ್ತು ಹೊಡೆಯೋಣ ಅಂದ್ರು, ನಾನು ಬೇಡ ಅಂದೆ. ಒಟ್ಟು ಆರು ಟ್ರಾಲಿ ಅಡಿಕೆ ಬುಡಕ್ಕೆ ಹೋಗೈತೆ.

ಮೇಲಿನ ಗದ್ದೆಯವ್ರು ಇಬ್ಬರು. ಒಬ್ರು ಕೇಳಿದ ಕೂಡಲೇ ಒಪ್ಪಿದ್ರು. ಇನ್ನೊಬ್ಬ ದೊಡ್ಡಪ್ಪ ಮೊದಲು ಒಪ್ಪಲಿಲ್ಲ, ಮೀನು ಬಾಯಿ ಬಿಡೋ ವಿಡಿಯೋ ಮೊಬೈಲಲ್ಲಿ ತೋರಿಸಿದೆ, ಸುಮ್ಮನೆ ನೋಡಿ ಮರುದಿನ ತಾವೇ ಗುದ್ದಲಿ ತಂದು ಬದು ಒಡೆದು ಹಳ್ಳದ ಕಡೆ ದಾರಿ ಮಾಡಿಕೊಟ್ರು.

ಈಗ ಹತ್ತು ದಿನದಿಂದ ಮೋಟಾರ್ ಹಾಕಿಲ್ಲ, ಬೆಳಗ್ಗೆ ಐದಕ್ಕೆ ಹೋದ್ರೆ ಒಂದು ಮೀನೂ ಮೇಲೆ ಇರಲ್ಲ. ಕೈ ಇಳಿಸಿ ನೋಡ್ತೀನಿ ದಿನಾ, ಮೊಣಕೈಗೆ ನಾಲ್ಕು ಬೆರಳು ಕಮ್ಮಿ ಇರುವಾಗ ಅಂಗೈ ಮಸುಕಾಗುತ್ತೆ. ತೌಡು ಮೊದಲಿನ ಅರ್ಧ ಮಾತ್ರ ಹಾಕ್ತಿದೀನಿ, ಬಂದು ತಿಂತಾವೆ. ಒಟ್ಟು ಸತ್ತಿದ್ದು ಏಳು, ಎಲ್ಲಾ ಮೊದಲ ವಾರದಲ್ಲೇ.

ಹುಲ್ಲುಗೆಂಡೆ ದೊಡ್ಡ ಸೈಜು ಎಲ್ಲೂ ಸಿಗ್ಲಿಲ್ಲ, ಭದ್ರಾ ಅಣೆಕಟ್ಟಿನ ಹತ್ರದ ಬಿ.ಆರ್. ಪ್ರಾಜೆಕ್ಟ್‌ಗೆ ಹೋಗಿ ಸಣ್ಣ ಮರಿ 60 ತಂದು ಮನೆ ಹಿಂದಿನ ಸಿಮೆಂಟ್ ತೊಟ್ಟೀಲಿ ಬಿಟ್ಟಿದೀನಿ, ಮದ್ದೂರಿನ ಅಣ್ಣ ಹೇಳಿದಂಗೆ ಅಂಗೈ ಉದ್ದ ದಾಟೋವರೆಗೂ ಅಲ್ಲೇ. ಕೆರೆಯಿಂದ ದಿನಾ ಸಂಜೆ ಒಂದು ಹಿಡಿ ಬಳ್ಳಿ ಕಿತ್ತು ತಂದು ಹಾಕ್ತೀನಿ, ಈಗ್ಲೇ ತುದಿ ಎಲೆ ಕಚ್ಚೋಕೆ ಶುರು ಮಾಡಿದಾವೆ. ತೊಟ್ಟಿ ನೀರು ವಾರಕ್ಕೆ ಎಷ್ಟು ಬದಲಾಯಿಸಬೇಕು, ಅರ್ಧನಾ ಇಲ್ಲ ಪೂರ್ತಿನಾ?

ಮದ್ದೂರು_ಕಬ್ಬು:

ಪೂರ್ತಿ ಬ್ಯಾಡಿ, ಮರಿಗೆ ಏಟಾಯ್ತದೆ. ಮೂರು ದಿನಕ್ಕೊಂದ್ಸಲ ತಳದಿಂದ ಕಾಲು ಭಾಗ ಬುಟ್ಟು ಅಷ್ಟೇ ತುಂಬಿ, ಬೋರ್ ನೀರಾದ್ರೆ ಮೇಲಿಂದ ಚದುರಿಸಿ. ತೊಟ್ಟಿ ಮೇಲೆ ಬಲೆ ಮುಚ್ಚಿ, ನೆಗೆದು ಹೊರಕ್ಕೆ ಬೀಳ್ತವೆ, ಬೆಳಗ್ಗೆ ನೋಡೋ ಹೊತ್ಗೆ ಇರುವೆ ಮುತ್ಕೊಂಡಿರ್ತದೆ.